ಮಸಿ ಕಟ್ಟಿದ ಮಳೆಮಾಪಕ

ಮಳೆ ನಿಂತು ಗಂಟೆಗಟ್ಟಲೆ ಆದ ಮೇಲೂ ಒಂದು ಮಳೆಮಾಪಕ ಹನಿ ಎಣಿಸುತ್ತಲೇ ಇತ್ತು. ನಾನು ಕೂತಿದ್ದದ್ದು ಅಮೆರಿಕದ ಆಸ್ಟಿನ್‌ನ ಆಫೀಸಿನಲ್ಲಿ, ಮಾಪಕ ಇದ್ದದ್ದು ಮಧ್ಯ ಚೀನಾದ ಒಂದು ಕೈಗಾರಿಕಾ ನಗರದ ಶಾಲೆಯ ತಾರಸಿಯ ಮೇಲೆ. ಆ ನಗರದ ವಿಮಾನ ನಿಲ್ದಾಣದ ವರದಿ ಮಧ್ಯಾಹ್ನಕ್ಕೇ ಮಳೆ ನಿಂತಿತೆಂದು ಹೇಳುತ್ತಿತ್ತು. ಮಾಪಕ ಮಾತ್ರ ಸಂಜೆಯವರೆಗೂ ಒಂದೇ ಸಮನೆ, ಕೆಟ್ಟ ನಲ್ಲಿಯ ಹಾಗೆ, ತೊಟ್ಟಿಕ್ಕಿದ ಲೆಕ್ಕ ಕೊಟ್ಟಿತ್ತು. ಆಕಾಶದಿಂದ ಬೀಳುವ ಮಳೆಗೆ ಅಷ್ಟು ಶಿಸ್ತು ಇರುವುದಿಲ್ಲ.

ಆಗ ನಾನು ಮಳೆನೀರಿನ ಚರಂಡಿಗಳ ವಿನ್ಯಾಸ ಮಾಡುವ ಒಂದು ಸಣ್ಣ ಇಂಜಿನಿಯರಿಂಗ್ ಕಂಪನಿಯಲ್ಲಿದ್ದೆ. ಎರಡು ಸಾವಿರದ ದಶಕದ ನಡುಭಾಗ. ಚೀನಾದ ನಗರಗಳು ಬೆಳೆಯುತ್ತಿದ್ದ ರಭಸಕ್ಕೆ ಕೆರೆ, ಗದ್ದೆ, ಹಳ್ಳಗಳೆಲ್ಲ ಕಾಂಕ್ರೀಟಿನ ಅಡಿಗೆ ಹೋಗಿದ್ದವು. ಜೋರು ಮಳೆ ಬಂದರೆ ನೀರಿಗೆ ಹೋಗಲು ದಾರಿಯೇ ಇರಲಿಲ್ಲ. ನಮಗೆ ಬಂದಿದ್ದ ಕೆಲಸ ಈ ನಗರದ ಒಂದು ತಗ್ಗು ಬಡಾವಣೆಯ ಮುಖ್ಯ ಕೊಳವೆ ಎಷ್ಟು ದಪ್ಪ ಇರಬೇಕೆಂದು ಹೇಳುವುದು. ಆ ಬಡಾವಣೆಯ ರಸ್ತೆಯ ಕೆಳಗೆ ಹಳೆಯ ಕಾಲದಲ್ಲಿ ಬಾಂಬ್ ದಾಳಿಗೆ ಹೆದರಿ ಕಟ್ಟಿದ್ದ ನೆಲದಡಿಯ ಆಶ್ರಯಗಳಿದ್ದವು. ಯುದ್ಧದ ಭಯ ಹೋದ ಮೇಲೆ ಅವುಗಳಿಗೆ ಪ್ಲೈವುಡ್ ಗೋಡೆ ಹಾಕಿ ಕೋಣೆಗಳನ್ನಾಗಿ ಬಾಡಿಗೆಗೆ ಕೊಟ್ಟಿದ್ದರು. ಹೋಟೆಲ್ ಕೆಲಸದವರು, ವಾಚ್‌ಮನ್‌ಗಳು, ಹಳ್ಳಿಗಳಿಂದ ಬಂದ ಗಾರೆಯವರು ಅಲ್ಲಿ ಮಲಗುತ್ತಿದ್ದರು. ರಸ್ತೆಯ ಮೇಲೆ ನೀರು ನಿಂತರೆ ಅದು ಇಳಿಯುವುದು ಅವರ ಮೆಟ್ಟಿಲುಗಳ ಮೇಲೆ.

ಇದನ್ನು ನನಗೆ ಹೇಳಿದ್ದು ನಮ್ಮ ತಂಡದ ಚೀನೀ ಗೆಳತಿ. ಅದೇ ಊರಿನವಳು. ಇಂಜಿನಿಯರ್ ಕೆಲಸದ ಜೊತೆಗೆ ದುಭಾಷಿಯ ಕೆಲಸವೂ ಅವಳ ಕೊರಳಿಗೇ ಬಿದ್ದಿತ್ತು. "ಕಾಲೇಜು ಓದುವಾಗ ನಾನೂ ಅಲ್ಲೇ ಇದ್ದೆ. ಕಿಟಕಿ ಇರಲಿಲ್ಲ. ಹೊರಗೆ ಮಳೆ ಬಂದಿದೆ ಅಂತ ಗೊತ್ತಾಗ್ತಿದ್ದದ್ದು ಚಪ್ಪಲಿ ತೇಲಿದಾಗಲೇ," ಎಂದು ನಕ್ಕಳು. ನನಗೆ ನಗು ಬರಲಿಲ್ಲ.

ಕೊಳವೆಯ ಗಾತ್ರ ನಿರ್ಧರಿಸುವುದು ಒಟ್ಟು ಮಳೆಯಲ್ಲ, ಮಳೆಯ ಬಿರುಸು. ಅಷ್ಟೇ ನೀರು ದಿನವಿಡೀ ಜಿನುಗಿದರೆ ಸಣ್ಣ ಕೊಳವೆ ಸಾಕು, ಒಮ್ಮೆಲೇ ಸುರಿದರೆ ಅದರ ಮೂರು ಪಟ್ಟು ಬೇಕಾದೀತು. ಆ ಬಿರುಸನ್ನು ಲೆಕ್ಕ ಹಾಕಿಕೊಟ್ಟವಳು ಹ್ಯೂಸ್ಟನ್‌ನಲ್ಲಿ ಪಿಎಚ್‌ಡಿ ಮಾಡುತ್ತಿದ್ದ ಬಿಜಾಪುರದ ಹುಡುಗಿ. ಕನ್ನಡ ಸಂಘದ ಯುಗಾದಿ ಊಟದಲ್ಲಿ ಪರಿಚಯವಾಗಿದ್ದಳು. ಬಿಸಿಬೇಳೆ ಬಾತ್ ಆರಿ ಹೋಗುವವರೆಗೂ ತಟ್ಟೆ ಹಿಡಿದುಕೊಂಡು ಮೋಡದೊಳಗಿನ ಹೊಗೆಯ ಬಗ್ಗೆ ಮಾತಾಡಿದ್ದಳು. ಇಂಥವಳು ನಮಗೆ ಬೇಕು ಎಂದು ಮ್ಯಾನೇಜರ್‌ಗೆ ಹೇಳಿ, ಅವಳ ಪ್ರೊಫೆಸರ್ ಮೂಲಕ ಕೆಲಸಕ್ಕೆ ಸೇರಿಸಿದವಳು ನಾನೇ.

ಅವಳು ಕಂಡುಕೊಂಡದ್ದು ಚೆಂದದ ಸಂಗತಿ. ಆ ನಗರದಲ್ಲಿ ಕಲ್ಲಿದ್ದಲ ಹೊಗೆ ಕವಿದಿದ್ದ ದಿನಗಳಲ್ಲಿ ಮಳೆ ಮೃದುವಾಗಿ, ಉದ್ದಕ್ಕೆ ಬರುತ್ತದೆ. ಗಾಳಿ ಶುಭ್ರವಾಗಿದ್ದ ದಿನಗಳಲ್ಲಿ ಬಿರುಸಾಗಿ ಬರುತ್ತದೆ. ಅವಳ ಪ್ರೊಫೆಸರ್ ವರ್ಷಗಳಿಂದ ಹೇಳುತ್ತಿದ್ದದ್ದೂ ಅದನ್ನೇ. ಹೊಗೆಯ ಕಣಗಳು ಹೆಚ್ಚಾದರೆ ಮೋಡದ ನೀರು ಅವುಗಳಲ್ಲಿ ಹಂಚಿಹೋಗಿ ದೊಡ್ಡ ಹನಿಗಳು ಕಟ್ಟುವುದಿಲ್ಲ. ಸಿದ್ಧಾಂತವಿತ್ತು, ಅದಕ್ಕೆ ಹೊಂದುವ ಅಂಕಿಗಳೂ ಸಿಕ್ಕವು. ನಮ್ಮ ಮ್ಯಾನೇಜರ್‌ಗಂತೂ ಹಬ್ಬ. ಆ ನಗರದಲ್ಲಿ ಹೊಗೆ ಹೇಗೂ ಕಡಿಮೆಯಾಗುವಂತಿಲ್ಲ, ಮಳೆ ಮೃದುವೆಂದರೆ ಸಣ್ಣ ಕೊಳವೆ ಸಾಕು, ಸಣ್ಣ ಕೊಳವೆ ಅಲ್ಲಿನ ಬೇಸಿಗೆಯ, ಅಂದರೆ ಜೂನ್-ಜುಲೈನ, ದೊಡ್ಡ ಮಳೆಗೆ ಮೊದಲೇ ನೆಲದೊಳಗೆ ಕೂರುತ್ತದೆ. ಮಾರ್ಚ್‌ನಲ್ಲಿ ಆ ನಗರದ ನಿಯೋಗ ಡಲ್ಲಾಸ್‌ಗೆ ಬರುವುದಿತ್ತು. ಅಲ್ಲಿ ವಿನ್ಯಾಸದ ಹೊಣೆ ಹೊತ್ತ ಇಂಜಿನಿಯರ್ ಆಗಿ ನಾನು ಸಹಿ ಹಾಕಿದರೆ ಕೊಳವೆ ತಯಾರಿಕೆ ಶುರು.

ಆ ತೊಟ್ಟಿಕ್ಕುವ ಮಾಪಕವನ್ನು ನಾನು ನೋಡಿದ್ದು ಜನವರಿಯಲ್ಲಿ. ಆಮೇಲೆ ಹುಡುಕಿದಂತೆ ಉಳಿದ ಮಾಪಕಗಳಲ್ಲೂ ಬಹಳ ಮಳೆಗಳಿಗೆ ಅದೇ ತೊಟ್ಟಿಕ್ಕುವ ಬಾಲ ಇತ್ತು. ಹುಡುಗಿಗೆ ಫೋನ್ ಮಾಡಿದೆ.

"ನೋಡಮ್ಮಾ, ಮಳೆ ನಿಂತ ಮೇಲೂ ಇವು ಎಣಿಸ್ತಾ ಇವೆ. ನೀರು ಒಳಗೆಲ್ಲೋ ಕಟ್ಟಿಕೊಂಡು ನಿಧಾನಕ್ಕೆ ಇಳೀತಿದೆ ಅನ್ಸುತ್ತೆ."

"ದಿನದ ಒಟ್ಟು ಮಳಿ ಏರ್‌ಪೋರ್ಟಿನ ಲೆಕ್ಕಕ್ಕ ಸರಿಯಾಗಿ ಕೂಡ್ತೈತ್ರೀ ಅಕ್ಕಾರ. ನಾ ಒಂದೊಂದೂ ಚೆಕ್ ಮಾಡೇನಿ."

"ಕೂಡೇ ಕೂಡುತ್ತೆ. ನೀರು ಎಲ್ಲಿಗೂ ಓಡಿಹೋಗಿಲ್ಲವಲ್ಲ. ತಡವಾಗಿ ಬಂದಿದೆ ಅಷ್ಟೆ."

"ಹಂಗಂದ್ರ ನನ್ನ ಥೀಸಿಸ್ ಚಾಪ್ಟರ್ ಮಳಿದಲ್ಲ, ಜಾಳಿಗೀದು ಅಂತೀರೇನ್ರಿ?" ಎಂದಳು. ದನಿಯಲ್ಲಿ ಸಿಟ್ಟಿತ್ತು. ನನಗೂ ಸಿಟ್ಟು ಬೇಗ ಬರುತ್ತದೆ, ಆದರೆ ಆವತ್ತು ಬರಲಿಲ್ಲ. ಅವಳು ವಿಷಯವನ್ನು ನನಗಿಂತ ಬೇಗ ಹಿಡಿದುಬಿಟ್ಟಿದ್ದಳು.

ಇಂಥ ಮಾಪಕದ ಒಳಗೆ ಹೆಚ್ಚೇನೂ ಇಲ್ಲ. ಮೇಲೊಂದು ಆಲಿಕೆ, ಅದರ ಕುತ್ತಿಗೆಯಲ್ಲಿ ಕಸ ತಡೆಯಲು ತಂತಿಯ ಜಾಳಿಗೆ, ಕೆಳಗೆ ಏತದಂತೆ ಓಲಾಡುವ ಎರಡು ಪುಟ್ಟ ಬಟ್ಟಲು. ಒಂದು ಬಟ್ಟಲು ತುಂಬಿದರೆ ಟಕ್ ಎಂದು ಮಗುಚಿ ಇನ್ನೊಂದು ಮೇಲೇಳುತ್ತದೆ. ಪ್ರತಿ ಟಕ್ ಒಂದು ಲೆಕ್ಕ. ಹೊಗೆಯ ಮಸಿ ಕೂತು ಜಾಳಿಗೆ ಕಟ್ಟಿಕೊಂಡರೆ ಆಲಿಕೆಯೇ ಒಂದು ಸಣ್ಣ ಕೆರೆಯಾಗುತ್ತದೆ, ಬಿರುಸಿನ ಮಳೆಯೂ ಲೆಕ್ಕದಲ್ಲಿ ಜಿನುಗಿದಂತೆ ಕಾಣುತ್ತದೆ.

ಆಫೀಸಿನ ಮಾಪಕವೊಂದನ್ನು ಆಸ್ಟಿನ್ ಪಕ್ಕದ ಸೀಡರ್ ಪಾರ್ಕ್‌ನ ನಮ್ಮ ಮನೆಯ ಹಿತ್ತಲಿಗೆ ತಂದೆ. ಆ ತಿಂಗಳು ಊರಿಗೆ ಊರೇ ಸೀನುತ್ತಿತ್ತು. ಸೀಡರ್ ಮರಗಳ ಹಳದಿ ಪರಾಗ ಕಾರುಗಳ ಮೇಲೆ ಅರಿಶಿನ ಚೆಲ್ಲಿದಂತೆ ಕೂತಿತ್ತು. ಬಾರ್ಬೆಕ್ಯೂ ಒಲೆಯ ತಳದಲ್ಲಿದ್ದ ಇದ್ದಿಲ ಮಸಿಯನ್ನು ಜರಡಿ ಹಿಡಿದು, ಜಾಳಿಗೆಯ ಮೇಲೆ ಉದುರಿಸಿ, ನೀರು ಚಿಮುಕಿಸಿ ಒಣಗಿಸಿದೆ. ಮತ್ತೆ ಮಸಿ, ಮತ್ತೆ ನೀರು. ಗಂಡ ಕಾಫಿ ಹಿಡಿದು ಬಾಗಿಲಲ್ಲಿ ನಿಂತಿದ್ದ.

"ಏನಿದು, ಮಳೆ ಬರ್ಲಿ ಅಂತ ಹೋಮ ಮಾಡ್ತಿದೀಯಾ?"

"ಹೂಂ. ಪೂರ್ಣಾಹುತಿಗೆ ನಿನ್ನ ಆ ಹಳೇ ಬೂಟ್ ಹಾಕ್ತೀನಿ. ಅಲ್ಲಿ ಅಳತೆ ಜಗ್ ಇದೆ, ತಗೊಂಬಾ."

ಮೊದಲು ಶುಭ್ರ ಜಾಳಿಗೆಯ ಮೇಲೆ ಜಗ್ಗಿನ ನೀರು ಸುರಿದೆವು. ಟಕಟಕನೆ ಹೊಡೆದುಕೊಂಡು ಮುಗಿಯಿತು. ಆಮೇಲೆ ಮಸಿ ಕಟ್ಟಿದ ಜಾಳಿಗೆಯ ಮೇಲೆ ಅಷ್ಟೇ ನೀರು. ಆಲಿಕೆ ಅಂಚಿನವರೆಗೆ ತುಂಬಿ ನಿಂತಿತು. ಟಕ್. ಬಹಳ ಹೊತ್ತು ಬಿಟ್ಟು ಇನ್ನೊಂದು ಟಕ್. ಕಾಫಿ ಮುಗಿಯಿತು, ಬಟ್ಟೆ ಮಡಿಸಿದ್ದಾಯಿತು, ಅಂಗಡಿಗೆ ಹೋಗಿ ಬಂದಾಯಿತು, ಅದು ಇನ್ನೂ ಎಣಿಸುತ್ತಿತ್ತು. ಆ ಅಂಕಿಗಳನ್ನು ಗೆರೆಯಾಗಿ ಎಳೆದು ಚೀನಾದ ಗೆರೆಯ ಪಕ್ಕದಲ್ಲಿಟ್ಟಾಗ ಎರಡಕ್ಕೂ ಒಂದೇ ಬಾಲ ಇತ್ತು.

ಆದರೆ ನಮ್ಮ ಹಿತ್ತಲಿನ ಮಸಿ ಆ ಊರಿನ ಮಾಪಕದ ಬಗ್ಗೆ ಏನನ್ನೂ ಸಾಬೀತು ಮಾಡುವುದಿಲ್ಲ. ಮ್ಯಾನೇಜರ್ ಇದನ್ನೇ ಹೇಳಿದ. ಅವನು ಒಳ್ಳೆಯ ಮನುಷ್ಯ, ಮೂಗು ಒರೆಸಿಕೊಳ್ಳುತ್ತಲೇ ತಾಳ್ಮೆಯಿಂದ ಕೇಳಿಸಿಕೊಂಡ. "ಮಾಪಕ ಕೊಳಕಾಗಿತ್ತು ಅಂತ ನಿನ್ನ ಅನುಮಾನ. ಗಾಳಿ ಕೊಳಕಾಗಿತ್ತು ಅನ್ನೋದು ಅವರ ದತ್ತಾಂಶ. ಎರಡೂ ಒಂದೇ ದಿನಗಳಲ್ಲಿ ಆಗುತ್ವೆ. ಹೇಗೆ ಬಿಡಿಸ್ತೀಯ?"

ಬಿಡಿಸುವ ದಾರಿ ಒಂದೇ. ಗಾಳಿ ಕೊಳಕಾಗಿದ್ದೂ ಮಾಪಕ ಶುಭ್ರವಾಗಿದ್ದ ದಿನಗಳು ಬೇಕು. ಗೆಳತಿ ಮಾಪಕಗಳನ್ನು ನೋಡಿಕೊಳ್ಳುವ ಆ ಊರಿನ ಕಚೇರಿಗೆ ಫೋನ್ ಮಾಡಿ ಜಾಳಿಗೆ ಯಾವಾಗ ತೊಳೆಯುತ್ತೀರೆಂದು ಕೇಳಿದಳು. ನಿಯಮದ ಪ್ರಕಾರ ತೊಳೆಯುತ್ತೇವೆ ಎಂಬ ಉತ್ತರ ಬಂತು. ಎಲ್ಲ ದೇಶದ ಸರ್ಕಾರಿ ಕಚೇರಿಗಳೂ ಒಂದೇ ಭಾಷೆ ಮಾತಾಡುತ್ತವೆ. ಮತ್ತೊಮ್ಮೆ ಕೇಳಿದರೂ ಅದೇ ಉತ್ತರ. ವಾರ ಕಳೆಯಿತು. ಡಲ್ಲಾಸ್ ಹತ್ತಿರವಾಗುತ್ತಿತ್ತು.

ಒಂದು ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿಕೊಂಡು ಕೂತು ಸುಮ್ಮನೆ ಗೊಣಗಿದೆ. "ನಮ್ಮ ಮೈಸೂರಿನ ಕಡೆ ಫ್ಯಾಕ್ಟರಿ ಮೆಷಿನ್‌ಗಳಿಗೆ ವರ್ಷವೆಲ್ಲಾ ಜಿಡ್ಡು. ಆಯುಧಪೂಜೆ ದಿನ ಮಾತ್ರ ತೊಳೆದು, ಕುಂಕುಮ ಇಟ್ಟು, ಹಾರ ಹಾಕ್ತಾರೆ. ಆವತ್ತು ನೋಡಿದ್ರೆ ಹೊಸಾವು ಅನ್ನಿಸ್ಬೇಕು."

ಗೆಳತಿ ಚಾಪ್‌ಸ್ಟಿಕ್ ಕೆಳಗಿಟ್ಟಳು. "ನಮ್ಮಲ್ಲಿ ಮೇ ಒಂದು, ಅಕ್ಟೋಬರ್ ಒಂದು. ರಾಷ್ಟ್ರೀಯ ರಜೆಗೆ ಮುಂಚೆ ಇಡೀ ಊರು ಗುಡಿಸಬೇಕು. ಶಾಲೆ ಮಕ್ಕಳನ್ನ ತಾರಸಿ ಹತ್ತಿಸ್ತಾರೆ. ನಾನೂ ಹತ್ತಿದ್ದೆ. ತಾರಸಿ ಮೇಲೆ ಏನಿದ್ರೂ ಉಜ್ಜಬೇಕು."

ಇಬ್ಬರೂ ಮುಖ ಮುಖ ನೋಡಿಕೊಂಡೆವು. ಮಾಪಕಗಳೆಲ್ಲ ಇದ್ದದ್ದು ಶಾಲೆಗಳ ತಾರಸಿಯ ಮೇಲೆ. ಈ ಸಲ ಅವಳು ಕಚೇರಿಯನ್ನು ಬಿಟ್ಟು ತನ್ನ ಹಳೆಯ ಶಾಲೆಯ ಮೇಷ್ಟರಿಗೆ ಫೋನ್ ಮಾಡಿದಳು. ಹೌದು, ರಜೆಗೆ ಮುಂಚೆ ಆ ಡಬ್ಬಿಯನ್ನೂ ಬಿಚ್ಚಿ ತೊಳೆಯುತ್ತೇವೆ, ಬೇರೆ ದಿನ ಮುಟ್ಟಲು ಬಿಡುವುದಿಲ್ಲ ಎಂದರಂತೆ ಮೇಷ್ಟರು. ಉಳಿದ ಶಾಲೆಗಳಲ್ಲೂ ಅದೇ ಪದ್ಧತಿ.

ಮೇ ತಿಂಗಳ ಮಳೆಗಳನ್ನು ತೆಗೆದು ನೋಡಿದೆ. ರಜೆಯ ನಂತರದ ಮಳೆಗಳು ಹೊಗೆಯಿದ್ದ ದಿನಗಳಲ್ಲೂ ಬಿರುಸು. ಹುಡುಗಿಗೆ ಕಳಿಸಿದೆ. ಅವಳ ಉತ್ತರ ಸಿದ್ಧವಿತ್ತು. "ಏಪ್ರಿಲ್‌ಗಿಂತಾ ಮೇ ಮಳಿ ಬಿರುಸ ಇರೂದ ಸಹಜ ಅಲ್ರೀ. ಹವಾ ಬದಲಾಗತೈತಿ. ಇದರಾಗ ಏನೂ ಹೇಳಾಕ ಬರಂಗಿಲ್ಲ." ಅವಳ ಮಾತು ನ್ಯಾಯವಾಗಿತ್ತು. ನಾನು ಉತ್ತರ ಹುಡುಕುತ್ತಿರುವಾಗಲೇ ಮರುದಿನ ಅವಳೇ ಫೋನ್ ಮಾಡಿದಳು.

"ಅಕ್ಟೋಬರ್ ನೋಡಿದ್ನಿರಿ. ಅಲ್ಲಿ ಮಳಿ ಸೆಪ್ಟೆಂಬರ್‌ಕಿಂತ ಮೆತ್ತಗ ಆಗಬೇಕು. ನಮ್ಮ ಮಾಪಕದಾಗ ಬಿರುಸಾಗೈತಿ. ಪ್ರತಿ ವರ್ಷ. ರಜಾ ಮುಗಿದ ಕೂಡಲೇ. ಹೋತ್ರೀ ಅಕ್ಕಾರ. ಮೂರನೇ ಚಾಪ್ಟರ್ ಪೂರಾ ಹೋತು."

ನನಗೆ ಅವಳ ಮೇಲೆ ಹೆಮ್ಮೆಯೆನಿಸಿತು, ಪಾಪವೆಂದೂ ಅನ್ನಿಸಿತು. ನನ್ನ ವಾದವನ್ನು ಮುರಿಯಲು ಹೋಗಿ, ಅದು ಮುರಿಯಲಾರದ್ದೆಂದು ತಾನೇ ಕಂಡುಕೊಂಡು, ಅದನ್ನು ಮುಚ್ಚಿಡದೆ ಹೇಳಿದವಳು. ಅವಳ ಪ್ರೊಫೆಸರ್ ಮಾತ್ರ ಇದು ಪ್ರಾಥಮಿಕ ಅನುಮಾನ, ಡಲ್ಲಾಸ್‌ನಲ್ಲಿ ಹಳೆಯ ಫಲಿತಾಂಶವನ್ನೇ ತೋರಿಸು, ಅನುಮಾನವನ್ನು ಅನುಬಂಧದಲ್ಲಿ ಹಾಕೋಣ ಎಂದರಂತೆ. ನಮ್ಮ ಮ್ಯಾನೇಜರ್ ಅಭಿಪ್ರಾಯವೂ ಅದೇ. ಅನುಬಂಧ ಓದಿ ಕೊಳವೆ ಹಾಕಿದವರನ್ನು ನಾನು ಇವತ್ತಿನವರೆಗೆ ನೋಡಿಲ್ಲ.

ಶುಭ್ರ ಮಾಪಕದ ಮಳೆಗಳಷ್ಟನ್ನೇ ಇಟ್ಟುಕೊಂಡು ಮತ್ತೆ ಲೆಕ್ಕ ಹಾಕಿದಾಗ ಕೊಳವೆ ಹೆಚ್ಚುಕಡಿಮೆ ಇಮ್ಮಡಿ ದಪ್ಪ ಬೇಕಾಯಿತು. ಅಂಥ ಕೊಳವೆಗೆ ರಸ್ತೆಯ ಅಗೆತ ಬೇರೆ, ಪಂಪ್ ಬೇರೆ, ನಕ್ಷೆಯೇ ಬೇರೆ. ಆ ಬೇಸಿಗೆಯ ಮಳೆಗೆ ಮೊದಲು ಅದು ನೆಲಕ್ಕಿಳಿಯುವ ಮಾತೇ ಇರಲಿಲ್ಲ.

ಡಲ್ಲಾಸ್‌ಗೆ ಹೊರಟ ಬೆಳಿಗ್ಗೆ ಹುಡುಗಿ ಹ್ಯೂಸ್ಟನ್‌ನಿಂದ ಬಸ್ಸಿನಲ್ಲಿ ಬಂದು ನಮ್ಮ ಕಾರು ಹತ್ತಿದಳು. ಗೆಳತಿ ಮುಂದೆ, ಅವಳು ಹಿಂದೆ, ತೊಡೆಯ ಮೇಲೆ ಲ್ಯಾಪ್‌ಟಾಪ್. ಜಾರ್ಜ್‌ಟೌನ್ ದಾಟುವಾಗ ಹಳೆಯದೋ ಹೊಸದೋ, ಯಾವ ಚಿತ್ರ ತೋರಿಸುತ್ತೀಯ ಎಂದು ಹುಡುಗಿಯನ್ನು ಕೇಳಬೇಕೆಂದು ಬಾಯಿಯವರೆಗೆ ಬಂತು. ಕೇಳಲಿಲ್ಲ. ಪ್ರೊಫೆಸರ್ ಅವಳಿಗೆ ಅನ್ನ ಹಾಕುತ್ತಿದ್ದವರು, ವೀಸಾ ಅವರ ಸಹಿಯ ಮೇಲೆ ನಿಂತಿತ್ತು. ವೇಕೋ ಹತ್ತಿರ ಲಾರಿಗಳ ಹಿಂದೆ ಸಿಕ್ಕಿಕೊಂಡಾಗ ಅವಳೇ, "ನಿಧಾನ ಹೊಡೀರಿ, ಇನ್ನೂ ಸ್ಲೈಡ್ ಬದಲಿ ಮಾಡಾಕತ್ತೀನಿ," ಎಂದಳು. ನಾನು ಹಿಂದಕ್ಕೆ ತಿರುಗಿ ನೋಡದೆ ವೇಗ ಕಡಿಮೆ ಮಾಡಿದೆ.

ನಿಯೋಗದ ಮುಖ್ಯ ಇಂಜಿನಿಯರ್ ವಯಸ್ಸಾದವರು. ಚಹಾದ ಬಾಟಲಿಯನ್ನು ಮೇಜಿನ ಮೇಲೆ ಇಟ್ಟುಕೊಂಡಿದ್ದರು. ಗೆಳತಿ ಅವರ ಪಕ್ಕದಲ್ಲಿ ಕೂತು ಅನುವಾದಿಸುತ್ತಿದ್ದಳು. ನಮ್ಮ ವರದಿಯ ಮೊದಲ ಕರಡನ್ನು ಅವರು ಓದಿದ್ದರು. "ನಮ್ಮ ಹೊಗೆ ಕಡೆಗೂ ಒಂದು ಉಪಕಾರ ಮಾಡಿದೆಯಂತೆ," ಎಂದು ಹೇಳಿ ನಕ್ಕರು. ಕೋಣೆಯಲ್ಲಿದ್ದವರೆಲ್ಲ ನಕ್ಕರು.

ಹುಡುಗಿ ಎದ್ದು ನಿಂತಳು. "ಇಲ್ಲ ಸರ್, ಮಾಡಿಲ್ಲ," ಎಂದು ಇಂಗ್ಲಿಷಿನಲ್ಲಿ ಶುರು ಮಾಡಿ, ಅಕ್ಟೋಬರ್‌ನ ಗೆರೆಗಳನ್ನು ಗೋಡೆಯ ಮೇಲೆ ಹಾಕಿದಳು. ರಜೆಗೆ ಮುಂಚಿನ ಮಳೆ, ರಜೆಯ ನಂತರದ ಮಳೆ. ನನ್ನ ಹಿತ್ತಲಿನ ಜಗ್ಗಿನ ಗೆರೆ. ತನ್ನ ಹಳೆಯ ಫಲಿತಾಂಶ ಏಕೆ ತಪ್ಪು ಎಂದು ಒಂದೊಂದಾಗಿ ಬಿಡಿಸಿ ಹೇಳಿದಳು. ಮುಖ್ಯ ಇಂಜಿನಿಯರ್ ಶಾಲೆಯ ಮಕ್ಕಳು ತಾರಸಿ ತೊಳೆಯುವ ಮಾತು ಬಂದಾಗ ತಲೆಯಾಡಿಸಿದರು. ಅವರು ಬೇಗ ಒಪ್ಪಿಕೊಂಡರು. ನಾನು ಹೆದರಿದ್ದು ಒಪ್ಪಿಸುವುದಕ್ಕೆ. ಕಷ್ಟ ಇದ್ದದ್ದು ಅದರ ನಂತರ.

"ದೊಡ್ಡ ಕೊಳವೆ ಮುಂದಿನ ವರ್ಷ," ಎಂದು ಅವರು ಗೆಳತಿಯ ಮೂಲಕ ಹೇಳಿದರು. "ಈ ವರ್ಷಕ್ಕೆ ಸಣ್ಣದನ್ನು ಹಾಕಿಬಿಡೋಣ. ಬೇಸಿಗೆಯ ನಂತರ ಅದರ ಪಕ್ಕದಲ್ಲಿ ಇನ್ನೊಂದು ಹಾಕಬಹುದಲ್ಲವೇ? ನಿಮ್ಮ ಸಹಿ ಇದ್ದರೆ ಸಣ್ಣದು ಮುಂದಿನ ವಾರವೇ ಶುರುವಾಗುತ್ತದೆ."

ಮ್ಯಾನೇಜರ್ ನನ್ನತ್ತ ನೋಡಿದ. ಸ್ವಲ್ಪ ಹೊತ್ತು ವಿರಾಮ ಕೇಳಿದೆ. ಕಾರಿಡಾರಿನಲ್ಲಿ ಹುಡುಗಿ ನನ್ನ ಹಿಂದೆಯೇ ಬಂದಳು.

"ಈ ವರ್ಷಕ್ಕ ಸಣ್ಣದರೆ ಇರಲಿ ಅಲ್ರೀ. ಏನೂ ಇಲ್ದಿರೂದಕ್ಕಿಂತ ಒಂದೀಟರೆ ಆಸರ ಆಗ್ತೈತಿ."

"ಒಂದು ಸಲ ರಸ್ತೆ ಅಗೆದು ಟಾರ್ ಹಾಕಿದ್ರೆ ಎರಡನೇ ಸಲ ಯಾರೂ ಅಗೆಯೋಲ್ಲ ಕಣೇ. ತಾತ್ಕಾಲಿಕ ಅಂತ ಹಾಕಿದ್ದೇ ಖಾಯಂ ಆಗುತ್ತೆ. ಕೊಳವೆ ಇದೆ ಅಂದ ತಕ್ಷಣ ಕೆಳಗಿನ ಕೋಣೆಗಳಿಗೆ ಇನ್ನಷ್ಟು ಜನ ತುಂಬ್ತಾರೆ. ಆ ಮೇಲೆ ಇಪ್ಪತ್ತು ವರ್ಷ ಅದೇ."

"ನಿಮಗ ಹೆಂಗ ಗೊತ್ರಿ, ಅಗಿಯಂಗಿಲ್ಲಂತ?"

"ನಮ್ಮೂರಲ್ಲಿ ನೋಡಿದೀನಿ. ಇಲ್ಲೂ ನೋಡಿದೀನಿ."

ಒಳಗೆ ಹೋಗಿ ನಾನು ಸಹಿ ಹಾಕುವುದಿಲ್ಲವೆಂದೆ, ದೊಡ್ಡ ಕೊಳವೆಗೆ ಮಾತ್ರ ಹಾಕುತ್ತೇನೆ ಎಂದೆ. ಈ ಬೇಸಿಗೆ ಮಳೆ ಜೋರಾದರೆ ಕೆಳಗಿನ ಕೋಣೆಗಳನ್ನು ಖಾಲಿ ಮಾಡಿಸಿ ಎಂದೂ ಹೇಳಿದೆ. ಗೆಳತಿ ಅನುವಾದಿಸುವ ಮುಂಚೆ ನನ್ನ ಮುಖ ನೋಡಿದಳು, ಖಂಡಿತವೇ ಎಂದು ಕೇಳುವ ಹಾಗೆ. ನಾನು ತಲೆಯಾಡಿಸಿದೆ. ಮುಖ್ಯ ಇಂಜಿನಿಯರ್ ಬಾಟಲಿಯ ಮುಚ್ಚಳ ತಿರುಗಿಸಿ ಮುಚ್ಚಿ, ಸರಿ ಎಂದರು.

ಆ ಜುಲೈನಲ್ಲಿ ಮಳೆ ಬಂತು. ನಮ್ಮ ಹೊಸ ಲೆಕ್ಕ ಹೇಳಿದಂಥದ್ದೇ ಬಿರುಸಿನ ಮಳೆ. ರಸ್ತೆಯಲ್ಲಿ ಹಳೆಯ ಚರಂಡಿಯಷ್ಟೇ ಇತ್ತು. ಗೆಳತಿ ನನ್ನ ಮೇಜಿನ ಬಳಿ ಬಂದು, ಕೂರದೆ ನಿಂತೇ ಹೇಳಿದಳು. ಹಗಲಾದ್ದರಿಂದ ಕೆಳಗಿನ ಕೋಣೆಗಳವರೆಲ್ಲ ಕೆಲಸಕ್ಕೆ ಹೋಗಿದ್ದರು. ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದ್ದ ಒಬ್ಬ ವಾಚ್‌ಮನ್ ಮಾತ್ರ ಒಳಗಿದ್ದ. ಖಾಲಿ ಮಾಡಿಸುವವರು ಬರುವಷ್ಟರಲ್ಲಿ ಮೆಟ್ಟಿಲು ನೀರಿನಲ್ಲಿ ಮುಚ್ಚಿಹೋಗಿತ್ತು. ಅವನು ಉಳಿಯಲಿಲ್ಲ.

ನನಗೆ ಅತ್ತು ಬಿಡಬೇಕೆನಿಸಿತು. ಅಳಲಿಲ್ಲ, ಕಂಪ್ಯೂಟರಿನ ಮುಂದೆ ಕೂತೆ. ಆ ದಿನದ ಮಳೆಯನ್ನು ತರಿಸಿಕೊಂಡು, ನಾನು ಬೇಡವೆಂದ ಸಣ್ಣ ಕೊಳವೆಯನ್ನು ಕಂಪ್ಯೂಟರಿನ ಲೆಕ್ಕದ ಮಾದರಿಯಲ್ಲಿ ಹೂತು, ಓಡಿಸಿ ನೋಡಿದೆ. ಸಣ್ಣ ಕೊಳವೆಯೂ ಸೋಲುತ್ತಿತ್ತು. ಕೋಣೆಗಳು ಮುಳುಗುತ್ತಿದ್ದವು. ಆದರೆ ಸ್ವಲ್ಪ ತಡವಾಗಿ.

ಮುಂದಿನ ಒಣ ಕಾಲದಲ್ಲಿ ದೊಡ್ಡ ಕೊಳವೆ ಹಾಕಿದರು. ಆಮೇಲಿನ ಮಳೆಗಳಲ್ಲಿ ಆ ರಸ್ತೆಯಲ್ಲಿ ನೀರು ನಿಂತಿಲ್ಲವೆಂದು ಗೆಳತಿ ಪ್ರತಿ ವರ್ಷ ಹೇಳುತ್ತಿದ್ದಳು. ಈಗ ಅದೇ ಕೋಣೆಯಲ್ಲಿ ಅದೇ ಪ್ರಶ್ನೆ ಕೇಳಿದರೂ ನಾನು ಸಣ್ಣ ಕೊಳವೆಗೆ ಸಹಿ ಹಾಕಲಾರೆ. ಇದನ್ನು ನನಗೆ ನಾನೇ ಹೇಳಿಕೊಂಡಷ್ಟು ಬೇರೆ ಯಾರಿಗೂ ಹೇಳಿಲ್ಲ.

ಬಿಜಾಪುರದ ಹುಡುಗಿ ಹೊಸ ಚಾಪ್ಟರ್ ಬರೆದು, ತಡವಾಗಿ, ಪಿಎಚ್‌ಡಿ ಮುಗಿಸಿದಳು. ಹ್ಯೂಸ್ಟನ್‌ನಲ್ಲಿ ಅವಳ ಪದವಿಯ ದಿನ ಊಟಕ್ಕೆ ಕರೆದಿದ್ದಳು. ನೆಂಟರು, ಸ್ನೇಹಿತರೆಲ್ಲ ಹೊರಟ ಮೇಲೆ ಪಾರ್ಕಿಂಗ್‌ನಲ್ಲಿ ನನ್ನ ಕಾರಿನವರೆಗೆ ಬಂದಳು.

"ಅಕ್ಕಾರ, ಒಂದು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಆ ಜುಲೈ ಮಳಿಗೆ ಸಣ್ಣ ಪೈಪ್ ಹಾಕಿ ರನ್ ಮಾಡಿದ್ರೇನ್ರಿ?"

"ಮಾಡಿದೆ."

"ನಾನೂ ಮಾಡೇನ್ರಿ." ನೆಲ ನೋಡುತ್ತ ನಿಂತಳು. "ನೀರು ಬರಾಕ ಎಷ್ಟು ತಡಾ ಆಕ್ಕಿತ್ರಿ, ನಿಮ್ಮ ಲೆಕ್ಕದಾಗ?"

"ಒಬ್ಬ ಮನುಷ್ಯ ಎದ್ದು, ಮೆಟ್ಟಿಲು ಹತ್ತಿ ಮೇಲೆ ಬರೋಷ್ಟು."

ಅವಳು ನನ್ನ ಕೈ ಹಿಡಿದುಕೊಂಡಳು. "ನನಗೂ ಅಷ್ಟ ಬಂತ್ರಿ," ಎಂದಳು.